ಪರಿಸರಸ್ನೇಹಿ ಗೃಹನಿರ್ಮಾಣ

ಪರಿಸರಸ್ನೇಹಿ ಗೃಹನಿರ್ಮಾಣ: ವಾಸಿಸುವವರ ಆರೋಗ್ಯವನ್ನು ಕಾಯುತ್ತ, ಮಣ್ಣು, ಮರಳು, ನೀರು, ಇಂಧನಗಳನ್ನು ಮಿತವಾಗಿ ಬಳಸಿ ಮನೆಯನ್ನು ಯೋಜಿಸುವ, ಕಟ್ಟುವ ಹಾಗೂ ನಿರ್ವಹಿಸುವ ಪದ್ಧತಿ. ನಿವೇಶನದ ಆಯ್ಕೆಯಿಂದ ಹಿಡಿದು ಗಾಳಿ ಬೆಳಕಿನ ಏರ್ಪಾಡು, ಗೋಡೆ ಮತ್ತು ಚಾವಣಿಯ ಸಾಮಗ್ರಿ, ನೆಲ, ಬಣ್ಣ, ನೀರು, ವಿದ್ಯುತ್ತು, ಕೊನೆಗೆ ಮನೆ ಕೆಡವಿದಾಗ ಉಳಿಯುವ ಅವಶೇಷದವರೆಗೆ ಇದರ ವ್ಯಾಪ್ತಿ ಹರಡಿದೆ. ಆರೋಗ್ಯಕ್ಕೆ ಒಂದು ವ್ಯವಸ್ಥೆ, ಪರಿಸರಕ್ಕೆ ಇನ್ನೊಂದು ಎಂದು ಇಲ್ಲಿ ಎರಡು ಬೇರೆ ಲೆಕ್ಕಗಳಿಲ್ಲ. ಕಿಟಕಿ ಸರಿಯಾದ ಕಡೆ ಇದ್ದರೆ ಉಸಿರಾಟವೂ ಹಗುರ, ವಿದ್ಯುತ್ ಬಿಲ್ಲೂ ಹಗುರ. ಮಳೆನೀರು ಹಿಡಿದರೆ ಅಂತರ್ಜಲವೂ ಉಳಿಯುತ್ತದೆ, ಫ್ಲೋರೈಡ್ ಇಲ್ಲದ ನೀರೂ ಸಿಗುತ್ತದೆ. ಇಂಥ ನಿರ್ಧಾರಗಳಲ್ಲಿ ಬಹುಪಾಲು ಪಾಯ ತೆಗೆಯುವ ಮುನ್ನವೇ ಆಗಬೇಕಾದವು. ಕರ್ನಾಟಕದಲ್ಲಿ ಈ ವಿಷಯದ ಸಂಶೋಧನೆಗೆ ಐದು ದಶಕಗಳ ಇತಿಹಾಸವಿದ್ದು, ಈ ಲೇಖನ ಮುಖ್ಯವಾಗಿ ಆ ಅನುಭವವನ್ನು ಆಧರಿಸಿದೆ.

ಹಿನ್ನೆಲೆ

ಕರ್ನಾಟಕದ ಹಳೆಯ ಮನೆಗಳು ಆಯಾ ಸೀಮೆಯ ಹವೆಗೂ ಹತ್ತಿರದಲ್ಲಿ ಸಿಗುವ ಸಾಮಗ್ರಿಗೂ ತಕ್ಕಂತೆ ರೂಪುಗೊಂಡವು. ವರ್ಷಕ್ಕೆ ಮೂರು ಸಾವಿರ ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಕರಾವಳಿಯಲ್ಲಿ ಮುರಕಲ್ಲಿನ ಗೋಡೆ, ಕಡಿದಾದ ಇಳಿಜಾರಿನ ಮಾಡು, ಗೋಡೆಯಿಂದ ಆಚೆಗೆ ಚಾಚಿದ ಸೂರು, ಮುಂಭಾಗದಲ್ಲಿ ಜಗಲಿ ಇದ್ದವು. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಮುಳಿಹುಲ್ಲಿನ ಮಾಡಿನ ಜಾಗಕ್ಕೆ ಮಂಗಳೂರು ಹಂಚು ಬಂತು. ಬಯಲುಸೀಮೆಯಲ್ಲಿ ದಪ್ಪನೆಯ ಕಲ್ಲು ಅಥವಾ ಮಣ್ಣಿನ ಗೋಡೆ, ತೊಲೆ ಜಂತೆಗಳ ಮೇಲೆ ಕರಲು ಮಣ್ಣು ಹಾಸಿದ ಮಾಳಿಗೆ, ಚಾವಣಿಯಲ್ಲೊಂದು ಬೆಳಕಿಂಡಿ ರೂಢಿಯಲ್ಲಿದ್ದವು. ಹಗಲಿನ ಬಿಸಿ ದಪ್ಪ ಗೋಡೆಯನ್ನು ದಾಟಿ ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿ ಹೊರಗೆ ತಂಪಾಗಿರುತ್ತಿತ್ತು. ಹಳೆಯ ಮೈಸೂರು ಸೀಮೆಯ ತೊಟ್ಟಿ ಮನೆಗಳಲ್ಲಿ ನಡುವಿನ ಬಯಲು ಬೆಳಕನ್ನು ಒಳಗೆ ತಂದು, ಬಿಸಿಗಾಳಿಯನ್ನು ಮೇಲಕ್ಕೆ ಬಿಡುತ್ತಿತ್ತು.

ಹಳೆಯದೆಲ್ಲ ಆರೋಗ್ಯಕರವಾಗಿತ್ತು ಎನ್ನುವಂತಿಲ್ಲ. ಹೊಗೆ ತುಂಬಿದ ಅಡುಗೆಮನೆ, ಕಿಟಕಿಯೇ ಇಲ್ಲದ ಕೋಣೆ, ಮನೆಯೊಳಗೇ ದನದ ಕೊಟ್ಟಿಗೆ ಹಲವೆಡೆ ಸಾಮಾನ್ಯವಾಗಿದ್ದವು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಕಿಕ್ಕಿರಿದ ಪೇಟೆಯ ಮನೆಗಳೇ ಹೆಚ್ಚು ನಲುಗಿದವು. 1890ರ ದಶಕದಲ್ಲಿ ರೂಪುಗೊಂಡ ಮಲ್ಲೇಶ್ವರ ಮತ್ತು ಬಸವನಗುಡಿ ಬಡಾವಣೆಗಳು ಪ್ಲೇಗಿನ ನಂತರ ವೇಗವಾಗಿ ಬೆಳೆದವು. ಅಗಲವಾದ ರಸ್ತೆ, ಮನೆಯ ಸುತ್ತ ಬಯಲು, ಹಿಂಬದಿಯಲ್ಲಿ ನೈರ್ಮಲ್ಯಕ್ಕೆಂದೇ ಬಿಟ್ಟ ಓಣಿ ಅವುಗಳ ಲಕ್ಷಣ. ಮನೆಯ ವಿನ್ಯಾಸವೂ ಊರಿನ ವಿನ್ಯಾಸವೂ ಸಾರ್ವಜನಿಕ ಆರೋಗ್ಯದ ವಿಷಯ ಎಂಬುದನ್ನು ಆ ಸಾಂಕ್ರಾಮಿಕ ಇಲ್ಲಿನ ಆಡಳಿತಕ್ಕೆ ಮನದಟ್ಟು ಮಾಡಿತು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಿಮೆಂಟು ಮತ್ತು ಉಕ್ಕು ಎಲ್ಲೆಡೆ ದೊರೆಯತೊಡಗಿದಂತೆ ಮನೆಗಳು ಸೀಮೆಯ ಗುರುತು ಕಳೆದುಕೊಂಡವು. ರಾಯಚೂರಿನ ಬಿಸಿಲಿಗೂ ಮಂಗಳೂರಿನ ಮಳೆಗೂ ಒಂದೇ ನಮೂನೆಯ ಕಾಂಕ್ರೀಟ್ ಕಂಬ, ತೆಳು ಗೋಡೆ, ಮಟ್ಟಸವಾದ ಮೋಲ್ಡು ಬಂದವು. ಈ ಹಾದಿಯನ್ನು ಪ್ರಶ್ನಿಸಿದವರು ಜಗತ್ತಿನ ಬೇರೆ ಬೇರೆ ಕಡೆ ಇದ್ದರು. ಈಜಿಪ್ಟಿನ ಹಸನ್ ಫಾತಿ 1940ರ ದಶಕದಲ್ಲಿ ಲಕ್ಸರ್ ಬಳಿಯ ಹೊಸ ಗೂರ್ನಾ ಗ್ರಾಮವನ್ನು ಹಸಿ ಇಟ್ಟಿಗೆಯ ಕಮಾನು ಗುಮ್ಮಟಗಳಿಂದ ಕಟ್ಟಿದರು. ಇಂಗ್ಲೆಂಡಿನಲ್ಲಿ ಹುಟ್ಟಿ ಕೇರಳದಲ್ಲಿ ನೆಲೆಸಿದ ಲಾರಿ ಬೇಕರ್ (1917–2007) ಕಡಿಮೆ ಇಟ್ಟಿಗೆ, ಕಡಿಮೆ ಸಿಮೆಂಟು, ಗಿಲಾಯಿಲ್ಲದ ಗೋಡೆಗಳಿಂದ ಸಾಮಾನ್ಯರ ಕೈಗೆಟುಕುವ ಮನೆಗಳನ್ನು ನಿರ್ಮಿಸಿ ತೋರಿಸಿದರು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ. ಎನ್. ರೆಡ್ಡಿ ಅವರ ನೇತೃತ್ವದಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕೆಂದೇ ‘ಅಸ್ತ್ರ’ ಎಂಬ ಕೇಂದ್ರ ಹುಟ್ಟಿತು. ಕುಣಿಗಲ್ ತಾಲ್ಲೂಕಿನ ಉಂಗ್ರ ಅದರ ಪ್ರಯೋಗಗ್ರಾಮವಾಯಿತು. ಕೆ. ಎಸ್. ಜಗದೀಶ್, ಬಿ. ವಿ. ವೆಂಕಟರಾಮ ರೆಡ್ಡಿ ಮೊದಲಾದ ಸಿವಿಲ್ ಎಂಜಿನಿಯರುಗಳು ಅಲ್ಲಿ ಮಣ್ಣಿನ ಕಟ್ಟಡಗಳಿಗೆ ವೈಜ್ಞಾನಿಕ ತಳಹದಿ ಹಾಕಿದರು.

ಮನೆ ಮತ್ತು ಆರೋಗ್ಯ

ಫ್ಲಾರೆನ್ಸ್ ನೈಟಿಂಗೇಲ್ 1859ರ ತಮ್ಮ ಶುಶ್ರೂಷಾ ಕೈಪಿಡಿಯಲ್ಲಿ ಮನೆಯ ಆರೋಗ್ಯಕ್ಕೆ ಐದು ಅಂಶಗಳನ್ನು ಹೇಳಿದ್ದರು: ಶುದ್ಧ ಗಾಳಿ, ಶುದ್ಧ ನೀರು, ಸರಾಗವಾದ ಚರಂಡಿ, ಸ್ವಚ್ಛತೆ ಮತ್ತು ಬೆಳಕು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಪ್ರಕಟಿಸಿದ ವಸತಿ ಮತ್ತು ಆರೋಗ್ಯ ಮಾರ್ಗಸೂಚಿ ಕಿಕ್ಕಿರಿದ ವಾಸ, ವಿಪರೀತ ಶೀತ ಮತ್ತು ತಾಪ, ಮನೆಯೊಳಗಿನ ಅಪಘಾತ, ಅಂಗವಿಕಲರಿಗೆ ಆಗುವ ಅಡೆತಡೆಗಳನ್ನೂ ಈ ಪಟ್ಟಿಗೆ ಸೇರಿಸಿದೆ.

ಮನೆಯೊಳಗಿನ ಅಪಾಯಗಳಲ್ಲಿ ಅತ್ಯಂತ ಮಾರಕವಾದುದು ಒಲೆಯ ಹೊಗೆ. ಸೌದೆ, ಬೆರಣಿ, ಸೀಮೆಎಣ್ಣೆಯ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಅಕಾಲ ಮರಣಕ್ಕೆ ತುತ್ತಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಒಲೆಯ ಮುಂದೆ ಹೆಚ್ಚು ಹೊತ್ತು ಕಳೆಯುವ ಹೆಂಗಸರು ಮತ್ತು ಅವರ ಮಗ್ಗುಲಲ್ಲಿರುವ ಮಕ್ಕಳೇ ಇದರ ಮೊದಲ ಬಲಿ. ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಸಾಗಿಸಿ ಸೌದೆಯನ್ನೂ ಉಳಿಸುವ ಅಸ್ತ್ರ ಒಲೆ ಕರ್ನಾಟಕದ ಹಳ್ಳಿಗಳಲ್ಲಿ ಪ್ರಚಾರಕ್ಕೆ ಬಂದದ್ದು ಈ ಕಾರಣಕ್ಕೆ. ಅಡುಗೆ ಅನಿಲದ ಒಲೆಯೂ ಸಾರಜನಕದ ಡೈಆಕ್ಸೈಡನ್ನು ಬಿಡುವುದರಿಂದ ಅಡುಗೆಮನೆಗೆ ಹೊರಗೋಡೆ, ತೆರೆಯುವ ಕಿಟಕಿ, ಗಾಳಿ ಹೊರದೂಡುವ ಫ್ಯಾನು ಇರಲೇಬೇಕು.

ಎರಡನೆಯದು ತೇವ. ಪಾಯದಿಂದ ಮೇಲೇರುವ ನೆಲದ ಪಸೆ, ಚಾವಣಿಯ ಸೋರಿಕೆ, ಬಚ್ಚಲಿನ ಕೊಳವೆಯ ಒಸರು ಗೋಡೆಯಲ್ಲಿ ಬೂಷ್ಟು ಬೆಳೆಸುತ್ತವೆ. ಬೂಷ್ಟಿನ ಕಣಗಳು ಅಸ್ತಮಾ ಮತ್ತು ಅಲರ್ಜಿಯನ್ನು ಕೆರಳಿಸುತ್ತವೆ. ಪಾಯದ ಮೇಲೆ ತೇವ ತಡೆಯುವ ಪದರ, ಸಾಕಷ್ಟು ಎತ್ತರದ ಜಗುಲಿಮಟ್ಟ, ಚಾಚಿದ ಸಜ್ಜೆ, ಬಚ್ಚಲಿಗೆ ಹೊರಗಾಳಿ ಇವು ಇದಕ್ಕೆ ಪರಿಹಾರ. ಸೋರಿಕೆಯನ್ನು ನಿಲ್ಲಿಸದೆ ಮೇಲೆ ಬಣ್ಣ ಬಳಿಯುವುದು ರೋಗವನ್ನು ಮುಚ್ಚಿಡುವ ಕೆಲಸ.

ಮೂರನೆಯದು ಸಾಮಗ್ರಿಗಳಿಂದ ಬರುವ ವಿಷ. 1973ರ ತೈಲ ಬಿಕ್ಕಟ್ಟಿನ ನಂತರ ಪಾಶ್ಚಾತ್ಯ ದೇಶಗಳಲ್ಲಿ ಇಂಧನ ಉಳಿಸಲೆಂದು ಗಾಳಿಯಾಡದಂತೆ ಮುಚ್ಚಿದ ಕಟ್ಟಡಗಳು ಬಂದಾಗ, ಒಳಗಿದ್ದವರಲ್ಲಿ ತಲೆನೋವು, ಕಣ್ಣುರಿ, ದಣಿವು ಕಾಣಿಸಿಕೊಂಡವು. ಅಂಟು, ಬಣ್ಣ, ಪೀಠೋಪಕರಣಗಳಿಂದ ಹೊಮ್ಮುವ ರಾಸಾಯನಿಕ ಆವಿಗಳು ಹೊರಹೋಗದೆ ಉಳಿದದ್ದು ಇದರ ಮುಖ್ಯ ಕಾರಣಗಳಲ್ಲೊಂದು. ಪ್ಲೈವುಡ್ ಮತ್ತು ಪಾರ್ಟಿಕಲ್ ಬೋರ್ಡಿನ ಅಂಟಿನಿಂದ ಬರುವ ಫಾರ್ಮಾಲ್ಡಿಹೈಡ್ ಹಾಗೂ ಕಲ್ನಾರಿನ ಧೂಳು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಖಚಿತಪಡಿಸಿದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಘಾತಕ. ಭಾರತ ಸರ್ಕಾರ 2016ರ ನಿಯಮದ ಮೂಲಕ ಮನೆ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷದಲ್ಲಿ 90 ಪಾಲಿಗೆ ಮಿತಿಗೊಳಿಸಿತು. ಈ ನಿಯಮ 2017ರ ನವೆಂಬರಿನಲ್ಲಿ ಜಾರಿಗೆ ಬಂತು. ಅದಕ್ಕೂ ಹಿಂದಿನ ಬಣ್ಣ ಇರುವ ಬಾಗಿಲು ಕಿಟಕಿಗಳನ್ನು ಉಜ್ಜುವಾಗ ಧೂಳು ಏಳದಂತೆ ಒದ್ದೆ ಮಾಡಿಕೊಳ್ಳುವುದು, ಮಕ್ಕಳನ್ನು ದೂರ ಇಡುವುದು ಅಗತ್ಯ.

ನಿವೇಶನ ಮತ್ತು ವಿನ್ಯಾಸ

ಮೊದಲ ಪ್ರಶ್ನೆ ಎಲ್ಲಿ ಕಟ್ಟಬಾರದು ಎಂಬುದು. ಕೆರೆಯ ಅಂಗಳ, ರಾಜಕಾಲುವೆಯ ಪಾತ್ರ, ಕಡಿದಾಗಿ ಕೊರೆದ ಗುಡ್ಡದ ಅಂಚು ಮನೆಗೆ ತಕ್ಕ ಜಾಗಗಳಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಭೂಕುಸಿತ, 2022ರಲ್ಲಿ ಬೆಂಗಳೂರಿನ ಪೂರ್ವಭಾಗದ ನೆರೆ ಈ ಮಾತನ್ನು ಅತ್ಯಂತ ಕಠಿಣವಾಗಿ ಕಲಿಸಿದವು. ನೀರು ಹರಿದು ಬಂದ ದಾರಿಯನ್ನು ಗುರುತಿಸಿ, ಇಳಿಜಾರನ್ನು ಆದಷ್ಟು ಕಡಿಯದೆ, ಇರುವ ಮರಗಳನ್ನು ಉಳಿಸಿಕೊಂಡು ನಕ್ಷೆ ಬರೆಯುವುದು ಉತ್ತಮ ವಿನ್ಯಾಸದ ಆರಂಭ.

ರಾಷ್ಟ್ರೀಯ ಕಟ್ಟಡ ಸಂಹಿತೆ ದೇಶವನ್ನು ಐದು ಹವಾವಲಯಗಳಾಗಿ ವಿಂಗಡಿಸುತ್ತದೆ. ಕರ್ನಾಟಕದ ಕರಾವಳಿ ಉಷ್ಣ ಮತ್ತು ಆರ್ದ್ರ, ಬೆಂಗಳೂರು ಸಮಶೀತೋಷ್ಣ, ಈಶಾನ್ಯದ ಜಿಲ್ಲೆಗಳು ಬಿಸಿಲು ಮತ್ತು ಒಣಹವೆಯವು. ಆರ್ದ್ರ ಪ್ರದೇಶದಲ್ಲಿ ಗಾಳಿಯ ಚಲನೆಯೇ ತಂಪು ಕೊಡುವುದರಿಂದ ದೊಡ್ಡ ಕಿಟಕಿ, ಹಗುರ ಗೋಡೆ, ಉದ್ದನೆಯ ಸೂರು ಬೇಕು. ಒಣಹವೆಯಲ್ಲಿ ದಪ್ಪ ಗೋಡೆ, ಸಣ್ಣ ಕಿಟಕಿ, ನೆರಳಿನ ಅಂಗಳ ಬೇಕು. ಹಗಲು ಕಿಟಕಿ ಮುಚ್ಚಿ ರಾತ್ರಿ ತೆರೆಯುವುದು ಅಲ್ಲಿನ ಕ್ರಮ. ಮಂಗಳೂರಿನ ಮನೆಯ ನಕ್ಷೆಯನ್ನು ಕಲಬುರಗಿಗೆ ಒಯ್ದರೆ ಅದು ವಾಸಯೋಗ್ಯವಾಗದು.

ಸೂರ್ಯನ ದಾರಿ ವಿನ್ಯಾಸದ ಎರಡನೆಯ ಆಧಾರ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಸುಮಾರಿಗೆ ನಡುಹಗಲಿನ ಸೂರ್ಯ ನೆತ್ತಿಯ ನೇರಕ್ಕೆ ಬಂದು ನೆರಳಿಲ್ಲದ ದಿನಗಳಾಗುತ್ತವೆ. ಹೀಗಾಗಿ ಬೇಸಗೆಯಲ್ಲಿ ಅತಿ ಹೆಚ್ಚು ಬಿಸಿಲು ತಿನ್ನುವುದು ಚಾವಣಿ. ದಕ್ಷಿಣ ಮತ್ತು ಉತ್ತರದ ಗೋಡೆಗಳಿಗೆ ಸೂರ್ಯ ಎತ್ತರದಲ್ಲಿ ಇರುವುದರಿಂದ ಎರಡು ಅಡಿಯ ಸಜ್ಜೆ ಸಾಕಷ್ಟು ನೆರಳು ಕೊಡುತ್ತದೆ. ಪೂರ್ವ ಮತ್ತು ಪಶ್ಚಿಮದಲ್ಲಿ ಸೂರ್ಯ ತಗ್ಗಿನಲ್ಲಿದ್ದು ಕಿರಣಗಳು ಓರೆಯಾಗಿ ಬೀಳುತ್ತವೆ. ಅಲ್ಲಿ ಸಜ್ಜೆ ಸಾಲದು. ಮರ, ಬಳ್ಳಿಯ ಚಪ್ಪರ, ಜಾಲಂಧ್ರ ಅಥವಾ ಹೊರಗೆ ಮುಚ್ಚುವ ಬಾಗಿಲುಗಳು ಬೇಕು. ಮನೆಯ ಉದ್ದ ಪೂರ್ವ ಪಶ್ಚಿಮವಾಗಿದ್ದು ದೊಡ್ಡ ಕಿಟಕಿಗಳು ಉತ್ತರ ದಕ್ಷಿಣಕ್ಕೆ ತೆರೆದರೆ ಒಳಗೆ ಬೆಳಕು ಹೆಚ್ಚು, ಕಾವು ಕಡಿಮೆ. ಪಶ್ಚಿಮದ ಬದಿಗೆ ಬಚ್ಚಲು, ಉಗ್ರಾಣ, ಮೆಟ್ಟಿಲುಗಳನ್ನು ಇಟ್ಟರೆ ಅವೇ ಮಲಗುವ ಕೋಣೆಗೆ ಬಿಸಿಲಿನ ತಡೆಯಾಗುತ್ತವೆ. ಅನೇಕರು ಅನುಸರಿಸುವ ವಾಸ್ತುವಿನ ಕೆಲವು ಸೂತ್ರಗಳು ಇದಕ್ಕೆ ಹೊಂದುತ್ತವೆ, ಕೆಲವು ಹೊಂದುವುದಿಲ್ಲ. ಆಯಾ ಸೈಟಿನ ಬಿಸಿಲು ಮತ್ತು ಗಾಳಿಯನ್ನು ನೋಡಿ ತೀರ್ಮಾನಿಸುವುದೇ ಸರಿ.

ಗಾಳಿ ಒಂದು ಕಡೆಯಿಂದ ಬಂದು ಎದುರು ಕಡೆಯಿಂದ ಹೋಗಬೇಕು. ಒಂದೇ ಕಿಟಕಿಯಿರುವ ಕೋಣೆಯಲ್ಲಿ ಗಾಳಿ ನಿಂತಲ್ಲೇ ನಿಲ್ಲುತ್ತದೆ. ಬಿಸಿಗಾಳಿ ಮೇಲೇರುವುದರಿಂದ ಗೋಡೆಯ ಮೇಲ್ಭಾಗದಲ್ಲಿ ಅಥವಾ ಮೆಟ್ಟಿಲ ಕೋಣೆಯ ತುದಿಯಲ್ಲಿ ತೆರಪು ಬಿಟ್ಟರೆ ಮನೆಯ ಕಾವು ತಾನಾಗಿ ಹೊರಹೋಗುತ್ತದೆ. ವಸತಿ ಕಟ್ಟಡಗಳಿಗೆಂದು ಕೇಂದ್ರ ಸರ್ಕಾರ 2018ರಲ್ಲಿ ಹೊರಡಿಸಿದ ಇಕೋ ನಿವಾಸ ಸಂಹಿತೆ, ತೆರೆಯಬಲ್ಲ ಕಿಟಕಿ ಬಾಗಿಲುಗಳ ವಿಸ್ತೀರ್ಣ ನೆಲದ ವಿಸ್ತೀರ್ಣದಲ್ಲಿ ಕನಿಷ್ಠ ಎಷ್ಟಿರಬೇಕೆಂದು ಹೇಳುತ್ತದೆ: ಉಷ್ಣ ಮತ್ತು ಆರ್ದ್ರ ವಲಯದಲ್ಲಿ ಶೇ. 16.66, ಸಮಶೀತೋಷ್ಣ ವಲಯದಲ್ಲಿ ಶೇ. 12.5, ಒಣ ಬಿಸಿಲಿನ ವಲಯದಲ್ಲಿ ಶೇ. 10. ಅಂದರೆ ಬೆಂಗಳೂರಿನ 1,000 ಚದರಡಿ ಮನೆಗೆ 125 ಚದರಡಿ ತೆರಪು ಬೇಕು. 30×40 ಸೈಟಿನಲ್ಲಿ ಸೆಟ್‌ಬ್ಯಾಕ್ ಬಿಡದೆ ಪಕ್ಕದ ಗೋಡೆಗೆ ತಾಗಿಸಿ ಕಟ್ಟಿದ ಮನೆಗಳಲ್ಲಿ ಹಗಲಲ್ಲೂ ದೀಪ ಉರಿಯುವುದು ಈ ಲೆಕ್ಕ ತಪ್ಪಿದ್ದರಿಂದಲೇ. ಅಂಥ ಇಕ್ಕಟ್ಟಿನ ಸೈಟಿನಲ್ಲಿ ನಡುವೆ ಸಣ್ಣ ತೊಟ್ಟಿ ಬಿಟ್ಟು ಚಾವಣಿಯಿಂದ ಬೆಳಕು ತರುವುದು ಉಳಿದಿರುವ ಒಳ್ಳೆಯ ದಾರಿ.

ಗೋಡೆಗಳು

ಮನೆಯೊಂದು ಬಳಸುವ ಶಕ್ತಿಯಲ್ಲಿ ಎರಡು ಬಗೆ: ವಾಸದ ಅವಧಿಯಲ್ಲಿ ವ್ಯಯವಾಗುವುದು, ಮತ್ತು ಸಾಮಗ್ರಿ ತಯಾರಿಸಿ ಸಾಗಿಸಿ ಕಟ್ಟುವಾಗ ವ್ಯಯವಾಗುವುದು. ಎರಡನೆಯದನ್ನು ಅಂತರ್ಗತ ಶಕ್ತಿ ಎನ್ನುತ್ತಾರೆ. ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ 2003ರಲ್ಲಿ ಪ್ರಕಟಿಸಿದ ಅಧ್ಯಯನ ಭಾರತೀಯ ಸಾಮಗ್ರಿಗಳಿಗೆ ಈ ಲೆಕ್ಕ ಒದಗಿಸಿತು. ಒಂದು ಕಿಲೋ ಸಿಮೆಂಟಿಗೆ 5.85 ಮೆಗಾಜೂಲ್, ಉಕ್ಕಿಗೆ 42, ಅಲ್ಯೂಮಿನಿಯಮ್ಮಿಗೆ 236.8 ಮೆಗಾಜೂಲ್ ಶಕ್ತಿ ಬೇಕು. ಸುಟ್ಟ ಇಟ್ಟಿಗೆಯ ಒಂದು ಘನಮೀಟರ್ ಗೋಡೆಗೆ ಸುಮಾರು 2,140 ಮೆಗಾಜೂಲ್ ಆದರೆ, ಸಿಮೆಂಟು ಬೆರೆಸಿದ ಮಣ್ಣಿನ ಇಟ್ಟಿಗೆಯ ಗೋಡೆಗೆ ಅದರ ಮೂರನೆಯ ಒಂದು ಭಾಗಕ್ಕೂ ಕಡಿಮೆ ಸಾಕು. ಕಾಂಕ್ರೀಟ್ ಚೌಕಟ್ಟಿನ ಬಹುಮಹಡಿ ಕಟ್ಟಡದ ಪ್ರತಿ ಚದರ ಮೀಟರಿಗೆ 4.21 ಗಿಗಾಜೂಲ್, ಭಾರ ಹೊರುವ ಇಟ್ಟಿಗೆ ಗೋಡೆಯ ಸಾಂಪ್ರದಾಯಿಕ ಎರಡಂತಸ್ತಿನ ಮನೆಗೆ 2.92 ಮತ್ತು ಮಣ್ಣಿನ ಇಟ್ಟಿಗೆ, (ಮುಂದೆ ವಿವರಿಸಿದ) ಫಿಲ್ಲರ್ ಚಾವಣಿಗಳಂಥ ಪರ್ಯಾಯ ಸಾಮಗ್ರಿಯ ಎರಡಂತಸ್ತಿನ ಮನೆಗೆ 1.61 ಗಿಗಾಜೂಲ್ ಎಂದು ಅದೇ ಅಧ್ಯಯನ ತೋರಿಸಿತು.

ಸ್ಥಿರೀಕೃತ ಮಣ್ಣಿನ ಇಟ್ಟಿಗೆ ಕರ್ನಾಟಕದ ಅನುಭವದ ಮುಖ್ಯ ಕೊಡುಗೆ. ಕೈಯಿಂದ ಒತ್ತಿ ಮಣ್ಣಿನ ಇಟ್ಟಿಗೆ ತಯಾರಿಸುವ ಸಿನ್ವಾ ರ‍್ಯಾಮ್ ಯಂತ್ರ 1950ರ ದಶಕದಲ್ಲಿ ಕೊಲಂಬಿಯಾದಲ್ಲಿ ರೂಪುಗೊಂಡಿತ್ತು. ಇಲ್ಲಿನ ಎಂಜಿನಿಯರುಗಳು ಸ್ಥಳೀಯ ಮಣ್ಣಿಗೆ ತಕ್ಕ ಯಂತ್ರ ಮತ್ತು ಮಿಶ್ರಣವನ್ನು ರೂಪಿಸಿದರು. ಮಣ್ಣಿನಲ್ಲಿ ಮೂರನೆಯ ಎರಡು ಭಾಗದಷ್ಟು ಮರಳು, ಜೇಡಿ ಶೇ. 15ಕ್ಕೆ ಮೀರದಂತೆ ಇರಬೇಕು. ಜೇಡಿ ಹೆಚ್ಚಿದ್ದರೆ ಮರಳು ಅಥವಾ ಕಲ್ಲುಪುಡಿ ಬೆರೆಸುತ್ತಾರೆ. ಶೇ. 6ರಿಂದ 8ರಷ್ಟು ಸಿಮೆಂಟು ಸೇರಿಸಿ, ಹದವಾಗಿ ನೀರು ಚಿಮುಕಿಸಿ, ಯಂತ್ರದಲ್ಲಿ ಒತ್ತಿ, ನೆರಳಲ್ಲಿ ಜೋಡಿಸಿ ಮೂರು ನಾಲ್ಕು ವಾರ ನೀರುಣಿಸಿದರೆ ಇಟ್ಟಿಗೆ ಸಿದ್ಧ. ಸುಡುವ ಕೆಲಸವಿಲ್ಲ, ಗೂಡಿಗೆ ಸೌದೆಯಿಲ್ಲ. ಪಾಯ, ಸಂಪು ತೋಡಿದ ಮಣ್ಣೇ ಬಹಳಷ್ಟು ಸಲ ಸಾಕಾಗುವುದರಿಂದ ಲಾರಿ ಸಾಗಾಟವೂ ತಗ್ಗುತ್ತದೆ. ಕಪ್ಪು ಎರೆಮಣ್ಣು ನೀರು ತಾಗಿ ಉಬ್ಬುವುದರಿಂದ ಸಿಮೆಂಟಿನ ಇಟ್ಟಿಗೆಗೆ ಒಗ್ಗದು. ಅಲ್ಲಿ ಸುಣ್ಣದ ಮಿಶ್ರಣ ಅಥವಾ ಬೇರೆ ಸಾಮಗ್ರಿ ಬೇಕು. ಮಣ್ಣಿನ ಗೋಡೆಗೆ ನೀರೇ ಮುಖ್ಯ ಶತ್ರು. ಕಲ್ಲಿನ ಪಾಯವನ್ನು ನೆಲದಿಂದ ಒಂದೂವರೆ ಅಡಿ ಎತ್ತರಿಸಿ, ಚಾವಣಿಯನ್ನು ಗೋಡೆಯಿಂದ ಎರಡು ಅಡಿ ಆಚೆಗೆ ಚಾಚಿದರೆ ಹೊರಗೆ ಗಿಲಾಯಿ ಇಲ್ಲದೆಯೂ ಗೋಡೆ ಬಾಳುತ್ತದೆ.

ಬೇಕರ್ ಜನಪ್ರಿಯಗೊಳಿಸಿದ ರ‍್ಯಾಟ್ ಟ್ರ್ಯಾಪ್ ಕಟ್ಟಿನಲ್ಲಿ ಇಟ್ಟಿಗೆಗಳನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಟೊಳ್ಳು ಬಿಡುತ್ತಾರೆ. ಇದರಿಂದ ಇಟ್ಟಿಗೆ ಸುಮಾರು ಕಾಲುಭಾಗ ಉಳಿಯುತ್ತದೆ. ಟೊಳ್ಳಿನ ಗಾಳಿ ಬಿಸಿಲನ್ನೂ ತಡೆಯುತ್ತದೆ. ಉಷ್ಣವಿದ್ಯುತ್ ಸ್ಥಾವರಗಳ ಹಾರುಬೂದಿಯ ಇಟ್ಟಿಗೆ, ಕರಾವಳಿಯ ಮುರಕಲ್ಲು, ಬೆಂಗಳೂರು ಸುತ್ತಲಿನ ಸೈಜುಕಲ್ಲು, ಶಹಾಬಾದಿನ ಹಾಸುಗಲ್ಲು ಆಯಾ ಕಡೆ ಒಳ್ಳೆಯ ಆಯ್ಕೆಗಳು. ಯಾವ ಸಾಮಗ್ರಿಯೂ ಎಲ್ಲ ಕಡೆಗೂ ಹಸಿರಲ್ಲ: ಮಂಗಳೂರಿನಲ್ಲಿ ಮಿತವ್ಯಯವಾದ ಮುರಕಲ್ಲನ್ನು ಮುನ್ನೂರು ಕಿಲೋಮೀಟರ್ ದೂರ ಲಾರಿಯಲ್ಲಿ ತಂದರೆ ಲೆಕ್ಕ ತಲೆಕೆಳಗಾಗುತ್ತದೆ.

ಚಾವಣಿ

ತಾರಸಿಯ ಕೆಳಗೆ ಬೇಸಗೆಯ ರಾತ್ರಿ ಮಲಗಿದವರಿಗೆಲ್ಲ ಕಾಂಕ್ರೀಟಿನ ಕಾವು ಗೊತ್ತು. ಹಗಲೆಲ್ಲ ಹೀರಿದ ಬಿಸಿಯನ್ನು ಅದು ರಾತ್ರಿ ಕೋಣೆಯೊಳಗೆ ಬಿಡುತ್ತದೆ. ಚಾವಣಿಯ ಮೂಲಕ ಹರಿಯುವ ಉಷ್ಣ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 1.2 ವ್ಯಾಟ್ ಮೀರಬಾರದೆಂದು ಇಕೋ ನಿವಾಸ ಸಂಹಿತೆ ನಿಗದಿ ಮಾಡಿದೆ. ಬರಿಯ ಮೋಲ್ಡು ಇದನ್ನು ಬಹಳವಾಗಿ ಮೀರುತ್ತದೆ. ಮೇಲೆ ಉಷ್ಣನಿರೋಧಕ ಪದರ, ಅದರ ಮೇಲೆ ಬಿಳಿ ಹೆಂಚು ಅಥವಾ ಸುಣ್ಣದ ಲೇಪ, ಇಲ್ಲವೇ ತಾರಸಿ ತೋಟ, ಸೌರಫಲಕಗಳ ನೆರಳು ಇದನ್ನು ತಗ್ಗಿಸುತ್ತವೆ. ಬಿಳಿ ಸುಣ್ಣ ಬಳಿಯುವುದು ಇವುಗಳಲ್ಲಿ ಅತ್ಯಂತ ಅಗ್ಗ. ಬಾಡಿಗೆ ಮನೆಯವರೂ ಮಾಡಿಸಬಹುದಾದದ್ದು.

ಕಾಂಕ್ರೀಟ್ ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಮೋಲ್ಡಿನ ಕೆಳಭಾಗದಲ್ಲಿ ಎಳೆತವನ್ನು ಹೊರುವುದು ಕಬ್ಬಿಣವೇ. ಆದ್ದರಿಂದ ಆ ಭಾಗದ ಕಾಂಕ್ರೀಟನ್ನು ತೆಗೆದು ಮಂಗಳೂರು ಹಂಚು, ಮಣ್ಣಿನ ಇಟ್ಟಿಗೆ ಅಥವಾ ಟೊಳ್ಳು ಇಟ್ಟಿಗೆಗಳನ್ನು ತುಂಬುವ ಪದ್ಧತಿಗೆ ಫಿಲ್ಲರ್ ಚಾವಣಿ ಎಂದು ಹೆಸರು. ಸಿಮೆಂಟೂ ಕಬ್ಬಿಣವೂ ಉಳಿಯುತ್ತವೆ, ಚಾವಣಿಯ ತೂಕ ಇಳಿಯುತ್ತದೆ, ಬಿಸಿಲೂ ಕಡಿಮೆ ಇಳಿಯುತ್ತದೆ. ಮಣ್ಣಿನ ಇಟ್ಟಿಗೆಯ ಕಮಾನು ಮತ್ತು ಗುಮ್ಮಟಗಳಿಗೆ ಕಬ್ಬಿಣವೇ ಬೇಡ. 1989ರಲ್ಲಿ ಆರಂಭವಾದ ಆರೋವಿಲ್ಲಿನ ಭೂ ಸಂಸ್ಥೆ ಇವುಗಳ ತರಬೇತಿಗೆ ಹೆಸರಾಗಿದೆ. ಬೆಂಗಳೂರಿನಲ್ಲಿ ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ನೂರಾರು ಮಣ್ಣಿನ ಮನೆಗಳ ಮೂಲಕ ನಗರದ ಮಧ್ಯಮವರ್ಗಕ್ಕೂ ಈ ವಿಧಾನ ಒಗ್ಗುತ್ತದೆಂದು ತೋರಿಸಿದ್ದಾರೆ.

ನೆಲ, ಗಿಲಾಯಿ ಮತ್ತು ಮರಗೆಲಸ

ಗಾರೆ ನೆಲ, ಕೆಂಪು ಆಕ್ಸೈಡ್ ನೆಲ, ಶಹಾಬಾದ್ ಅಥವಾ ಕಡಪ ಕಲ್ಲಿನ ನೆಲಗಳು ತಂಪಾಗಿದ್ದು ದಶಕಗಟ್ಟಲೆ ಬಾಳುತ್ತವೆ, ದುರಸ್ತಿಗೂ ಸುಲಭ. ಬಚ್ಚಲು ಮತ್ತು ಹೊಸ್ತಿಲ ಬಳಿ ಜಾರದ ಕಲ್ಲು ಹಾಸಿ, ಹಿಡಿಗಂಬಿ ಇಟ್ಟರೆ ವೃದ್ಧರು ಬಿದ್ದು ಸೊಂಟ ಮುರಿದುಕೊಳ್ಳುವುದು ತಪ್ಪುತ್ತದೆ. ಸುಣ್ಣದ ಗಿಲಾಯಿ ಗೋಡೆಯ ತೇವವನ್ನು ಹೊರಕ್ಕೆ ಆರಲು ಬಿಡುತ್ತದೆ ಮತ್ತು ಕ್ಷಾರೀಯವಾಗಿರುವುದರಿಂದ ಬೂಷ್ಟನ್ನು ತಡೆಯುತ್ತದೆ. ಮಣ್ಣಿನ ಗೋಡೆಯ ಮೇಲೆ ಪ್ಲಾಸ್ಟಿಕ್ ತೆರನ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಗೋಡೆ ಸಿಪ್ಪೆ ಏಳುತ್ತದೆ. ಹಳೆಯ ಮನೆಗಳಿಂದ ಬಿಚ್ಚಿದ ತೇಗ, ಹೊನ್ನೆ, ಹಲಸಿನ ಬಾಗಿಲು ಕಂಬಗಳನ್ನು ಮತ್ತೆ ಬಳಸಿದರೆ ಕಾಡೂ ಉಳಿಯುತ್ತದೆ, ಒಣಗಿ ಪಕ್ವವಾದ ಮರವೂ ಸಿಗುತ್ತದೆ. ಪ್ಲೈವುಡ್ ಅನಿವಾರ್ಯವಾದಲ್ಲಿ ಫಾರ್ಮಾಲ್ಡಿಹೈಡ್ ಕಡಿಮೆ ಹೊಮ್ಮಿಸುವ ದರ್ಜೆಯದನ್ನು ಕೇಳಿ ಪಡೆಯಬೇಕು. ಹೊಸ ಬಣ್ಣ, ಹೊಸ ಬೀರುಗಳ ಕೆಲಸ ಮುಗಿದ ಮೇಲೆ ಕೆಲವು ವಾರ ಕಿಟಕಿ ತೆರೆದಿಟ್ಟು ಆಮೇಲೆ ಒಕ್ಕಲು ಬರುವುದು ಕ್ಷೇಮ.

ನೀರು

ಬೆಂಗಳೂರಿನ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪಾಗಿ ಬರುತ್ತದೆ. ಅದೇ ವೇಳೆ ನಗರದ ಮೇಲೆ ವರ್ಷಕ್ಕೆ ಸರಾಸರಿ 970 ಮಿ.ಮೀ. ಮಳೆ ಬೀಳುತ್ತದೆ. 30×40 ಅಡಿ ಸೈಟಿನ ಮೇಲೆ ಬೀಳುವ ಮಳೆ ವರ್ಷಕ್ಕೆ ಒಂದು ಲಕ್ಷ ಲೀಟರು ದಾಟುತ್ತದೆ. 2009ರಲ್ಲಿ ಬೆಂಗಳೂರು ಜಲಮಂಡಳಿಯ ಕಾಯ್ದೆಗೆ ತಿದ್ದುಪಡಿ ತಂದು ನಿಗದಿತ ಅಳತೆಗೆ ಮೀರಿದ ನಿವೇಶನಗಳಲ್ಲಿ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಲಾಯಿತು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿ ಎ. ಆರ್. ಶಿವಕುಮಾರ್ ಸರಳ ಶೋಧಕಗಳನ್ನು ರೂಪಿಸಿ, ತಮ್ಮ ಮನೆಯನ್ನೇ ಮಳೆನೀರಿನ ಮೇಲೆ ನಡೆಸಿ ಮಾದರಿಯಾದರು.

ವಿಧಾನ ಸರಳ. ಚಾವಣಿಯನ್ನು ಗುಡಿಸಿ ಇಟ್ಟು, ಮೊದಲ ಮಳೆಯ ಕೊಳೆನೀರನ್ನು ಬೇರೆ ಬಿಟ್ಟು, ನಂತರದ ನೀರನ್ನು ಜಲ್ಲಿ ಮರಳಿನ ಶೋಧಕದ ಮೂಲಕ ಸಂಪಿಗೆ ಹಾಯಿಸಬೇಕು. ಮಿಕ್ಕಿದ್ದನ್ನು ಇಂಗುಬಾವಿಗೆ ಬಿಡಬೇಕು. ಮೂರಡಿ ಅಗಲ, ಇಪ್ಪತ್ತಡಿ ಆಳದ ಇಂಗುಬಾವಿ ಸಣ್ಣ ಸೈಟಿನಲ್ಲೂ ಹಿಡಿಸುತ್ತದೆ. ಬೆಂಗಳೂರಿನ ಸುತ್ತ ತಲೆಮಾರುಗಳಿಂದ ಬಾವಿ ತೋಡುತ್ತ ಬಂದ ಮಣ್ಣು ವಡ್ಡರ ಕೌಶಲಕ್ಕೆ ಇದರಿಂದ ಮತ್ತೆ ಕೆಲಸ ಸಿಕ್ಕಿದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ಮೀರಿರುವುದುಂಟು. ಅಲ್ಲಿನ ಮಕ್ಕಳ ಹಲ್ಲು ಮತ್ತು ಮೂಳೆಗೆ ಮಳೆನೀರಿನ ತೊಟ್ಟಿ ನೇರ ರಕ್ಷಣೆ. ಸಂಪು ಮತ್ತು ಟ್ಯಾಂಕಿನ ಬಾಯಿ ಬಿಗಿಯಾಗಿ ಮುಚ್ಚಿ, ಕೊಳವೆಗಳ ತುದಿಗೆ ಸಣ್ಣ ಬಲೆ ಕಟ್ಟಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ. 2024ರಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕವೆಂದು ಘೋಷಿಸಬೇಕಾಯಿತು.

ಸ್ನಾನ ಮತ್ತು ಬಟ್ಟೆ ತೊಳೆದ ನೀರನ್ನು ಶೌಚದ ನೀರಿನಿಂದ ಬೇರೆ ಕೊಳವೆಯಲ್ಲಿ ತಂದು, ಜಲ್ಲಿಯಲ್ಲಿ ಬೆಳೆದ ಕಾಬಾಳೆಯಂಥ ಗಿಡಗಳ ಪಾತಿಯಲ್ಲಿ ಹಾಯಿಸಿದರೆ ತೋಟಕ್ಕೂ ಫ್ಲಶ್‌ಗೂ ಸಾಕು. ಆದರೆ ಎರಡು ಕೊಳವೆಗಳ ವ್ಯವಸ್ಥೆಯನ್ನು ಮನೆ ಕಟ್ಟುವಾಗಲೇ ಮಾಡಬೇಕು. ಆಮೇಲೆ ಗೋಡೆ ಒಡೆಯುವುದು ದುಬಾರಿ.

ಶಕ್ತಿ

ಮೊದಲ ಕೆಲಸ ಬೇಡಿಕೆ ತಗ್ಗಿಸುವುದು. ನೆರಳು, ಗಾಳಿ, ತಂಪು ಚಾವಣಿ ಇದ್ದ ಮನೆಗೆ ಬೆಂಗಳೂರು, ಮೈಸೂರುಗಳಲ್ಲಿ ಹವಾನಿಯಂತ್ರಣ ಬೇಡ. ಹಳೆಯ ಫ್ಯಾನು 70ರಿಂದ 75 ವ್ಯಾಟ್ ತಿಂದರೆ ಹೊಸ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು ಸಾಕು. ಸೌರ ನೀರುಕಾಯಕದ ಬಳಕೆಯಲ್ಲಿ ಕರ್ನಾಟಕ ಬಹಳ ಹಿಂದಿನಿಂದ ಮುಂಚೂಣಿಯಲ್ಲಿದೆ. 100 ಲೀಟರಿನ ಒಂದು ಸೌರ ಸಾಧನ ವರ್ಷಕ್ಕೆ ಸುಮಾರು 1,500 ಯೂನಿಟ್ ಉಳಿಸುತ್ತದೆ. ಒಂದು ಕಿಲೋವ್ಯಾಟಿನ ಸೌರಫಲಕ ರಾಜ್ಯದಲ್ಲಿ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್ ಹಾಗೂ ಅದಕ್ಕೆ ಮೇಲ್ಪಟ್ಟ ವ್ಯವಸ್ಥೆಗೆ 78,000 ರೂಪಾಯಿ ಸಹಾಯಧನವಿದೆ. ಚಳಿಯ ದೇಶಗಳಲ್ಲಿ ದಾರಿ ಬೇರೆ: 1990–91ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟಿನಲ್ಲಿ ಕಟ್ಟಿದ ಮೊದಲ ಪ್ಯಾಸಿವ್ ಹೌಸ್ ದಪ್ಪನೆಯ ಉಷ್ಣನಿರೋಧಕ ಮತ್ತು ಬಿಗಿಯಾದ ಕಿಟಕಿಗಳನ್ನು ನೆಚ್ಚಿತ್ತು. ನಮ್ಮ ಹವೆಯಲ್ಲಿ ಅದರ ತತ್ವವನ್ನು ಕಲಿಯಬೇಕು, ನಕ್ಷೆಯನ್ನು ನಕಲು ಮಾಡಬಾರದು.

ಮಾನದಂಡಗಳು ಮತ್ತು ಅಡಚಣೆಗಳು

ಕಟ್ಟಡಗಳಿಗೆ ಹಸಿರು ಶ್ರೇಣಿ ನೀಡುವ ವ್ಯವಸ್ಥೆಗಳಲ್ಲಿ ಬ್ರಿಟನ್ನಿನ ಬ್ರೀಯಮ್ 1990ರಲ್ಲಿ ಆರಂಭವಾಯಿತು. ನಂತರ ಅಮೆರಿಕದ ಲೀಡ್ ಬಂತು. ಭಾರತದಲ್ಲಿ 2001ರಲ್ಲಿ ಸ್ಥಾಪನೆಯಾದ ಭಾರತೀಯ ಹಸಿರು ಕಟ್ಟಡ ಮಂಡಳಿ ಮನೆಗಳಿಗೂ ಶ್ರೇಣಿ ನೀಡುತ್ತದೆ. ಟೆರಿ ಸಂಸ್ಥೆ ರೂಪಿಸಿದ ‘ಗೃಹ’ ರಾಷ್ಟ್ರೀಯ ಶ್ರೇಣಿ ವ್ಯವಸ್ಥೆ. ಮಣ್ಣಿನ ಇಟ್ಟಿಗೆಗೆ ಭಾರತೀಯ ಮಾನಕ 1725 ಇದೆ. 2016ರಲ್ಲಿ ಕಟ್ಟಡ ತ್ಯಾಜ್ಯಕ್ಕೆ ಪ್ರತ್ಯೇಕ ನಿಯಮ ಬಂತು. ಶ್ರೇಣಿಯ ಪ್ರಮಾಣಪತ್ರಗಳು ದೊಡ್ಡ ಅಪಾರ್ಟ್‌ಮೆಂಟುಗಳಿಗೆ ಉಪಯುಕ್ತ. ಆದರೆ ಗಾಜಿನ ಗೋಡೆ ಕಟ್ಟಿ, ಅದನ್ನು ತಂಪಾಗಿಸಲು ಉತ್ತಮ ಯಂತ್ರ ತಂದು ಅಂಕ ಗಳಿಸುವುದು ಹಸಿರಲ್ಲ. ಸಣ್ಣ ಮನೆ ಕಟ್ಟುವವರಿಗೆ ಪ್ರಮಾಣಪತ್ರಕ್ಕಿಂತ ಒಳ್ಳೆಯ ನಕ್ಷೆ ಮತ್ತು ಪಳಗಿದ ಮೇಸ್ತ್ರಿ ಮುಖ್ಯ.

ಈ ಪದ್ಧತಿಗಳು ಇನ್ನೂ ಅಲ್ಪಸಂಖ್ಯೆಯ ಮನೆಗಳಿಗೆ ಸೀಮಿತವಾಗಿರಲು ಕಾರಣಗಳಿವೆ. ಮಣ್ಣಿನ ಗೋಡೆ ಬಡತನದ ಗುರುತೆಂಬ ಭಾವನೆ ಬಲವಾಗಿದೆ. ಸರ್ಕಾರಿ ದಾಖಲೆಗಳಲ್ಲಿ ‘ಕಚ್ಚಾ ಮನೆ’ ಎಂಬ ವರ್ಗೀಕರಣ ಅದನ್ನು ಇನ್ನಷ್ಟು ಗಟ್ಟಿ ಮಾಡಿದೆ. ಕಮಾನು, ಫಿಲ್ಲರ್ ಚಾವಣಿ, ಸುಣ್ಣದ ಕೆಲಸ ಬಲ್ಲ ಗಾರೆಯವರು ವಿರಳ. ಸಿವಿಲ್ ಎಂಜಿನಿಯರಿಂಗ್ ಪಠ್ಯದಲ್ಲಿ ಮಣ್ಣು ಪಾಯದ ಅಡಿಯ ವಸ್ತುವಾಗಿಯೇ ಹೆಚ್ಚು ಬರುತ್ತದೆ, ಗೋಡೆಯ ಸಾಮಗ್ರಿಯಾಗಿ ಅಲ್ಲ. 1980ರ ದಶಕದಲ್ಲಿ ಕೇರಳದ ಕೊಲ್ಲಂನಲ್ಲಿ ಹುಟ್ಟಿ ಕರ್ನಾಟಕದ ಜಿಲ್ಲೆಗಳಿಗೂ ಬಂದ ನಿರ್ಮಿತಿ ಕೇಂದ್ರಗಳ ಮೂಲ ಆಶಯವೇ ಕಡಿಮೆ ವೆಚ್ಚದ ತಂತ್ರಗಳನ್ನು ಗಾರೆಯವರಿಗೆ ಕಲಿಸುವುದಾಗಿತ್ತು. ಆ ಆಶಯಕ್ಕೆ ಮತ್ತೆ ಜೀವ ತುಂಬಬೇಕು. ಬಡವರಿಗೆಂದು ಸರ್ಕಾರ ಕಟ್ಟಿಸುವ ಮನೆಗಳಲ್ಲಿ ಎದುರುಬದುರು ಕಿಟಕಿ, ಬಿಳಿ ಚಾವಣಿ, ಹೊಗೆಯಿಲ್ಲದ ಅಡುಗೆಮನೆ ಕಡ್ಡಾಯವಾದರೆ ಅತ್ಯಂತ ಅಗತ್ಯವಿರುವವರಿಗೆ ಮೊದಲು ಪ್ರಯೋಜನ ತಲುಪುತ್ತದೆ. ತಗಡಿನ ಮಾಡಿನಡಿ ಬೇಸಗೆ ಕಳೆಯುವವರಿಗೆ ಆರೋಗ್ಯಕರ ಮನೆ ಐಷಾರಾಮವಲ್ಲ, ಹಕ್ಕು.

ಮನೆ ಕಟ್ಟಿಸಲು ಹೊರಟವರು ಟೈಲ್ಸ್ ಅಂಗಡಿಗೆ ಹೋಗುವ ಮುನ್ನ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು: ಸೈಟಿನ ಮೇಲೆ ಬಿಸಿಲು ಮತ್ತು ಗಾಳಿ ಯಾವ ಕಡೆಯಿಂದ ಬರುತ್ತವೆ, ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ, ಅಲ್ಲಿನ ಮಣ್ಣು ಮತ್ತು ಕಲ್ಲು ಯಾವ ಕೆಲಸಕ್ಕೆ ಬರುತ್ತವೆ. ಈ ಉತ್ತರಗಳು ನಕ್ಷೆಯಲ್ಲಿ ಸೇರಿದರೆ ಖರ್ಚು ಹೆಚ್ಚದೆ ಆರೋಗ್ಯವೂ ಪರಿಸರವೂ ಒಟ್ಟಿಗೆ ಉಳಿಯುತ್ತವೆ. ಸೇರದಿದ್ದರೆ ಮುಂದಿನ ಐವತ್ತು ವರ್ಷ ಆ ಮನೆಯಲ್ಲಿ ಬಾಳುವವರು ಅದರ ಬೆಲೆ ತೆರುತ್ತಾರೆ.